ಮೂಗಿನ ವಿದ್ಯೆ

ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ನೀವು ಒಮ್ಮೆಯಾದರೂ ನಡೆದು ಹೋಗಿರಬಹುದು. ಅಲ್ಲಿ ಮಗ್ಗದ ಸಪ್ಪಳ ಕೇಳುತ್ತ ಬೆಳೆದ ಹುಡುಗನನ್ನು, ನೇಯ್ಗೆ ಕಲಿತದ್ದು ಯಾವಾಗ ಎಂದು ಕೇಳಿದರೆ ಅವನಿಗೆ ಹೇಳಲು ಬರುವುದಿಲ್ಲ. ಕಂಡಿಕೆ ಸುತ್ತುತ್ತ, ಹರಿದ ಎಳೆಗೆ ಗಂಟು ಹಾಕುತ್ತ ಅವನ ಕೈ ತಾನಾಗಿ ಕಲಿತಿರುತ್ತದೆ. ಸುಗಂಧ ತಯಾರಿಸುವವರ ಮನೆಯಲ್ಲಿಯೂ ಹೀಗೆಯೇ. ಅಲ್ಲಿ ಕಲಿಯುವುದು ಕೈಗಿಂತ ಹೆಚ್ಚಾಗಿ ಮೂಗು.

ಈ ವಿದ್ಯೆ ನಮಗೆ ಹೊಸದೇನಲ್ಲ. ಈ ಸೀಮೆಯನ್ನು ಚಾಲುಕ್ಯರು ಆಳುತ್ತಿದ್ದಾಗ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಸ್ಥಾನವಿದೆ. ಆದರೆ ಗ್ರಂಥದಿಂದ ಅಳತೆ ತಿಳಿದೀತೇ ಹೊರತು ಪರಿಮಳ ತಿಳಿಯದು. ಅದಕ್ಕೆ ಪಕ್ಕದಲ್ಲಿ ಕುಳಿತು ಮೂಸಿ ತೋರಿಸುವ ಹಿರಿಯರು ಬೇಕು.

ಮೈಸೂರಿನಲ್ಲಿ ಎನ್. ರಂಗರಾಯರು 1948ರಲ್ಲಿ ಆರಂಭಿಸಿದ ಊದಿನಕಡ್ಡಿಯ ಉದ್ಯಮವನ್ನು ಈಗ ಅವರ ಮನೆತನದ ಮೂರನೆಯ ತಲೆಮಾರು ನಡೆಸುತ್ತಿದೆ. ಸೈಕಲ್ ಗುರುತಿನ ಆ ಕಡ್ಡಿಗಳನ್ನು ನೀವೂ ಹಚ್ಚಿರುತ್ತೀರಿ. ದೂರದ ಫ್ರಾನ್ಸಿನಲ್ಲಿ, ಸುಗಂಧಕ್ಕೆ ಹೆಸರಾದ ಗ್ರಾಸ್ ಪಟ್ಟಣದ ಜಾನ್-ಕ್ಲೋದ್ ಎಲೆನಾ ಅವರ ತಂದೆಯೂ ಇದೇ ವೃತ್ತಿಯವರು. 1947ರಲ್ಲಿ ಹುಟ್ಟಿದ ಎಲೆನಾ ಹದಿಹರೆಯದಲ್ಲೇ ಸುಗಂಧದ ಕಾರಖಾನೆ ಸೇರಿದರು. ಮುಂದೆ ಕೆಲವೇ ದ್ರವ್ಯಗಳಿಂದ ಪರಿಮಳ ಕಟ್ಟುವ ತಮ್ಮದೇ ದಾರಿ ಹಿಡಿದರು. ಅವರ ಮಗಳು ಸೆಲೀನ್ ಕೂಡ ಅದೇ ವೃತ್ತಿಯಲ್ಲಿದ್ದಾರೆ.

ತಂದೆಯ ಹೆಜ್ಜೆಯಲ್ಲಿ ನಡೆಯುವುದು ಸುಲಭವೆಂದು ನಿಮಗೆ ತೋರಬಹುದು. ಟಿಪ್ಪಣಿ ಪುಸ್ತಕ ಸಿದ್ಧವಾಗಿದೆಯಲ್ಲ! ಆದರೆ ಕಾಲ ಆ ಪುಸ್ತಕವನ್ನು ಇದ್ದಂತೆ ಬಿಡುವುದಿಲ್ಲ. ಕಸ್ತೂರಿಮೃಗಕ್ಕೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ದೊರೆಯಿತು. ಶ್ರೀಗಂಧ ವಿರಳವಾಯಿತು, ದುಬಾರಿಯಾಯಿತು. ಮಲ್ಲಿಗೆಯ ಎಣ್ಣೆಯಾದರೂ ಪ್ರತಿ ಸಲವೂ ಒಂದೇ ರೀತಿ ಬರುವುದಿಲ್ಲ. ಹೀಗಿರುವಾಗ ಅಪ್ಪ ಬರೆದಿಟ್ಟ ತೂಕವನ್ನು ಚಾಚೂ ತಪ್ಪದೆ ಪಾಲಿಸಿದರೂ ಅಪ್ಪನ ಪರಿಮಳ ಬಾರದು. ನಿತ್ಯ ದೇವರ ಮುಂದೆ ಅದೇ ಕಡ್ಡಿ ಹಚ್ಚುವ ಅಜ್ಜಿಗೆ ಆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಮರುದಿನ ಆಕೆ ಬೇರೆ ಕಡ್ಡಿ ತರಿಸುತ್ತಾಳೆ.

ಆಗ ಮಗನಿಗೆ ನೆರವಾಗುವುದು ಪುಸ್ತಕವಲ್ಲ, ಚಿಕ್ಕಂದಿನಿಂದ ಮೂಗಿನಲ್ಲಿ ಉಳಿದ ನೆನಪು. ಆ ನೆನಪಿಗೆ ಒಪ್ಪುವವರೆಗೆ ಒಂದು ದ್ರವ್ಯ ಬಿಟ್ಟು, ಇನ್ನೊಂದು ಸೇರಿಸಿ ಅವನು ಮತ್ತೆ ಮತ್ತೆ ಮೂಸಿ ನೋಡಬೇಕು. ಅಪ್ಪನ ಪರಿಮಳವನ್ನು ಉಳಿಸಲಿಕ್ಕಾಗಿಯೇ ಅಪ್ಪನ ಬರಹವನ್ನು ತಿದ್ದಬೇಕು.

ಬೆಟಗೇರಿಯ ಮಗ್ಗದ ಮನೆಗೂ ಈ ಮಾತು ಸಲ್ಲುತ್ತದೆ. ನೂಲು ಬದಲಾದೀತು, ಬಣ್ಣ ಬದಲಾದೀತು. ಸೀರೆಯನ್ನು ಮುಟ್ಟಿದವರು “ಇದು ಇಂಥವರ ಮನೆಯ ನೇಯ್ಗೆ” ಎಂದರೆ ಮಗ ತಂದೆಯ ದಾರಿಯಲ್ಲಿಯೇ ಇದ್ದಾನೆ ಎಂದು ತಿಳಿಯಿರಿ.