ಹಳೆಯ ಮೋಟಾರಿನ ಹೀಟರು



1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಾರಿಸ್ ಮೈನರ್ ಮೋಟಾರನ್ನು ಅಲ್ಲಿನ ಚಳಿಗಾಲದಲ್ಲಿ ಇಂದಿಗೂ ಓಡಿಸುವವರುಂಟು. ಅದರ ಹೀಟರಿಗೆ ಸ್ವಂತ ಬೆಂಕಿಯಿಲ್ಲ; ಎಂಜಿನ್ನನ್ನು ತಣಿಸಿ ತಾನು ಬಿಸಿಯಾದ ನೀರೇ ಅದರ ಬಂಡವಾಳ. ಆದುದರಿಂದ ಗಾಳಿ ಬೀಸುತ್ತಿದ್ದರೂ ಬೆಚ್ಚಗಿಲ್ಲದಿದ್ದರೆ ದೋಷವನ್ನು ಮೊದಲು ನೀರಿನಲ್ಲಿ ಅರಸತಕ್ಕದ್ದು.

ಎಂಜಿನ್ ಪೂರ್ಣವಾಗಿ ಆರಿದ ಬಳಿಕವೇ ರೇಡಿಯೇಟರಿನ ಮುಚ್ಚಳವನ್ನು ತೆರೆಯಿರಿ. ನೀರು ತಗ್ಗಿದ್ದರೆ ಸೋರುವ ಸ್ಥಳವನ್ನು ಹುಡುಕಿರಿ. ತುಂಬಿದ್ದರೆ, ಬೇಸಗೆಯಲ್ಲಿ ಮುಚ್ಚಿದ ಹೀಟರಿನ ನಲ್ಲಿಯನ್ನು ಮತ್ತೆ ತೆರೆದಿದೆಯೇ ನೋಡಿರಿ. ಅನಂತರ ಎಂಜಿನ್ ನಡೆಸಿ, ಹೀಟರಿನ ಎರಡು ರಬ್ಬರು ಕೊಳವೆಗಳನ್ನೂ ಎಚ್ಚರದಿಂದ ಮುಟ್ಟಿರಿ. ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಒಳಗೆ ಕೆಸರೋ ಗಾಳಿಯೋ ತಡೆದಿರಬೇಕು. ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟು ತೆರೆದೇ ನಿಂತಿರಬಹುದು.

ಚಳಿಯನ್ನು ನಾವು ಸಹಿಸಬಹುದು. ನೀರಿಲ್ಲದ ಬೇಗೆಯನ್ನು ಎಂಜಿನ್ ಸಹಿಸದು. ತಣ್ಣಗಾದ ಹೀಟರು ಆ ಅಪಾಯದ ಮೊದಲ ಸೂಚನೆಯಾಗಿರಬಹುದೆಂಬುದನ್ನು ಮರೆಯಕೂಡದು.