ಸೀಗಡಿಯ ನೆತ್ತರಿನಲ್ಲಿ ತಾಮ್ರ
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಭಾರಲೋಹ ಮಾಲಿನ್ಯ ಎಂದೊಡನೆ ಗಣಿಯ ಕೆಸರು, ಕಾರ್ಖಾನೆಯ ಕೊಳಚೆ ನೆನಪಿಗೆ ಬರುತ್ತವೆ. ಜಪಾನಿನ ಮಿನಾಮಾಟಾದಲ್ಲಿ ಕಾರ್ಖಾನೆಯಿಂದ ಹರಿದ ಪಾದರಸವು ಮೀನು, ಚಿಪ್ಪುಜೀವಿಗಳ ಮೂಲಕ ಮನುಷ್ಯರ ನರಮಂಡಲವನ್ನೇ ಹಾಳುಗೆಡವಿದ ದುರಂತ 1956ರಲ್ಲಿ ಬೆಳಕಿಗೆ ಬಂದಿತು. ಆದರೆ ಅಡಿಕೆ ಸೀಮೆಯ ಹಳ್ಳಗಳಿಗೆ ಭಾರಲೋಹವೊಂದು ಬರುವ ದಾರಿ ಬೇರೆ. ಅದು ತೋಟದಿಂದಲೇ ಬರುತ್ತದೆ. ಆ ಲೋಹ ತಾಮ್ರ. ಅದರ ಪೆಟ್ಟನ್ನು ಬೇಗನೆ ತಿನ್ನುವ ಜೀವಿಗಳಲ್ಲೊಂದು ಹಳ್ಳದ ಕಲ್ಲಿನಡಿಯ ಸೀಗಡಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲೆನಾಡಿನಲ್ಲಿ ಬಳಕೆಗೆ ತಂದರು. ಅದರಿಂದ ಅಸಂಖ್ಯ ಕುಟುಂಬಗಳ ಬದುಕು ಉಳಿದಿದೆ. ಮದ್ದು ಹೊಡೆಯಬೇಡಿ ಎಂದು ರೈತನಿಗೆ ಉಪದೇಶಿಸುವುದು ಸುಲಭ. ಕೊಳೆತು ಉದುರಿದ ಕಾಯಿಯ ನಷ್ಟವನ್ನು ಭರಿಸುವವರು ಯಾರು? ಆದುದರಿಂದ ಪ್ರಶ್ನೆ ಮದ್ದಿನದಲ್ಲ, ಮಿಕ್ಕ ಮದ್ದಿನದು.

ಲೆಕ್ಕವನ್ನು ಗಮನಿಸಬೇಕು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲುಭಾಗ ತಾಮ್ರ. ಅಂದರೆ 1 ಲೀಟರ್ ಮದ್ದಿನಲ್ಲಿ ಸುಮಾರು 2.5 ಗ್ರಾಂ ತಾಮ್ರವಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ಸೂಚಿಸುವ ಅಪೇಕ್ಷಿತ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಡ್ರಮ್ಮಿನ ತಳದಲ್ಲುಳಿದ ಒಂದೇ ಲೀಟರ್ ಮದ್ದನ್ನು ಆ ಮಿತಿಗೆ ಇಳಿಸಲು 50,000 ಲೀಟರ್ ನೀರು ಬೇಕು. ಮೃದುನೀರಿನಲ್ಲಿ ಬದುಕುವ ಸೂಕ್ಷ್ಮ ಜಲಚರಗಳಿಗೆ ಆ ಮಟ್ಟವೂ ಅಪಾಯಕಾರಿಯಾಗಬಲ್ಲದು. ಮಲೆನಾಡಿನ ಹಳ್ಳಗಳ ನೀರು ಬಹುಮಟ್ಟಿಗೆ ಮೃದುವೇ. ಸುಣ್ಣದಂಶ ಕಡಿಮೆಯಿದ್ದಷ್ಟೂ ತಾಮ್ರದ ವಿಷ ಹೆಚ್ಚು.

ಸೋಜಿಗವೆಂದರೆ ತಾಮ್ರವಿಲ್ಲದೆ ಸೀಗಡಿ ಬದುಕಲಾರದು. ಮನುಷ್ಯನ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವುಳ್ಳ ಹಿಮೋಗ್ಲೋಬಿನ್. ಸೀಗಡಿಯಲ್ಲಿ ತಾಮ್ರವುಳ್ಳ ಹಿಮೋಸಯನಿನ್. ಆಮ್ಲಜನಕ ಬೆರೆತಾಗ ಅದರ ನೆತ್ತರು ನಸುನೀಲಿಯಾಗುತ್ತದೆ. ಅಳತೆಯಲ್ಲಿದ್ದಾಗ ಪ್ರಾಣವಾಗಿರುವ ಲೋಹವೇ ಅಳತೆ ಮೀರಿದಾಗ ವಿಷವಾಗುತ್ತದೆ.

ಮೊದಲ ಪೆಟ್ಟು ಕಿವಿರಿಗೆ. ಸಿಹಿನೀರಿನಲ್ಲಿ ಉಪ್ಪಿನಂಶ ಅತ್ಯಲ್ಪ. ಸೀಗಡಿಯ ದೇಹದಿಂದ ಅದು ಸದಾ ಸೋರುತ್ತಿರುತ್ತದೆ. ಕಿವಿರಿನ ಜೀವಕೋಶಗಳು ನೀರಿನಿಂದ ಸೋಡಿಯಂ ಅನ್ನು ಹೆಕ್ಕಿ ಒಳಗೆಳೆದು ಈ ನಷ್ಟವನ್ನು ತುಂಬುತ್ತವೆ. ಈ ಕೆಲಸ ಮಾಡುವ ಕಿಣ್ವವನ್ನು ತಾಮ್ರ ಕಟ್ಟಿಹಾಕುತ್ತದೆ. ಕಿವಿರಿನ ಪದರಗಳು ಬಾತು ದಪ್ಪವಾಗಿ ಉಸಿರಾಟವೂ ಕುಗ್ಗುತ್ತದೆ. ತಿಳಿನೀರಿನಲ್ಲಿದ್ದೂ ಜೀವಿ ಉಸಿರುಗಟ್ಟುತ್ತದೆ.

ಎರಡನೆಯ ಪೆಟ್ಟು ತಲೆಯ ಚಿಪ್ಪಿನಡಿಯ ಜೀರ್ಣಗ್ರಂಥಿಗೆ. ಪಿತ್ತಜನಕಾಂಗದಂತೆ ದುಡಿಯುವ ಈ ಅಂಗ ಲೋಹವನ್ನು ಪ್ರೋಟೀನುಗಳಿಗೆ ಬಿಗಿದು ಕೂಡಿಡುತ್ತದೆ. ಆ ರಕ್ಷಣೆಗೆ ವ್ಯಯವಾದ ಶಕ್ತಿ ಬೆಳವಣಿಗೆಗೂ ಮೊಟ್ಟೆಗೂ ಸಿಗುವುದಿಲ್ಲ. ಪೊರೆ ಕಳಚಿದ ಸೀಗಡಿಯಂತೂ ಮೆತ್ತನೆಯ ಮೈಯಲ್ಲಿ ನೀರನ್ನೂ ಸುಣ್ಣದಂಶವನ್ನೂ ಹೀರಿಕೊಳ್ಳುತ್ತಿರುವುದರಿಂದ ಆಗ ಲೋಹಕ್ಕೆ ಬಾಗಿಲು ತೆರೆದಂತೆಯೇ. ಕ್ಯಾಡ್ಮಿಯಂ ಎಂಬ ಲೋಹವು ಸುಣ್ಣದಂಶದ ವೇಷದಲ್ಲಿ ಅದೇ ದಾರಿಯಿಂದ ಒಳಹೊಗುತ್ತದೆ.

ತುಳುವರು ಎಟ್ಟಿ ಎಂದೂ ಕುಂದಾಪುರದವರು ಚಟ್ಲಿ ಎಂದೂ ಕರೆಯುವ ಸೀಗಡಿಗೆ ಘಟ್ಟ, ಕರಾವಳಿ ಎಂಬ ಭೇದವಿಲ್ಲ. ದೊಡ್ಡ ಹೊಳೆ ಸೀಗಡಿಯ ಹೆಣ್ಣು ಮೊಟ್ಟೆ ಹೊತ್ತು ಅಳಿವೆಯತ್ತ ಇಳಿಯುತ್ತದೆ. ಉಪ್ಪು ಬೆರೆತ ನೀರಿನಲ್ಲಿ ಬೆಳೆದ ಮರಿಗಳು ಮತ್ತೆ ಹೊಳೆಯನ್ನೇರುತ್ತವೆ. ಮೇಲಿನ ಹಳ್ಳ ಕೆಟ್ಟರೆ ಕೆಳಗಿನ ಬಲೆಯೂ ಬರಿದಾಗುತ್ತದೆ.

ಪರಿಹಾರ ಕೈಗೆಟಕುವಂಥದು. ಮದ್ದು ಸಿದ್ಧವಾದ ಮೇಲೆ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಬೇಕು. ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಸ್ವತಂತ್ರವಾಗಿದೆ ಎಂದರ್ಥ. ಲೇಪ ನಿಲ್ಲುವವರೆಗೆ ಸುಣ್ಣದ ತಿಳಿಯನ್ನು ಸೇರಿಸಬೇಕು. ಸ್ವತಂತ್ರ ತಾಮ್ರವೇ ಎಳೆಗಾಯನ್ನು ಸುಡುವುದು, ಕಿವಿರನ್ನೂ ಸುಡುವುದು. ಬೇಕಾದಷ್ಟೇ ಕಲಸಬೇಕು. ಡ್ರಮ್ಮು, ಪಂಪು, ಪೈಪುಗಳನ್ನು ಹಳ್ಳದಲ್ಲಿ ತೊಳೆಯದೆ ತೋಟದೊಳಗೇ ತೊಳೆದು ಆ ನೀರನ್ನು ಮಣ್ಣಿಗೆ ಬಿಡಬೇಕು. ಮಣ್ಣಿಗೆ ಬಿದ್ದ ತಾಮ್ರವೂ ಕರಗಿ ಮಾಯವಾಗುವುದಿಲ್ಲವಾದ್ದರಿಂದ ಹಳ್ಳದಂಚಿನಲ್ಲಿ ಹುಲ್ಲು, ಪೊದೆಗಳ ಪಟ್ಟಿಯನ್ನು ಕಡಿಯದೆ ಉಳಿಸುವುದು ಅಗತ್ಯ.

ವಿದ್ಯಾರ್ಥಿಗಳು ಮದ್ದು ಹೊಡೆಯುವ ಮುನ್ನ ಒಮ್ಮೆ, ಹೊಡೆದ ವಾರದೊಳಗೆ ಇನ್ನೊಮ್ಮೆ ಊರ ಹಳ್ಳದ ಅದೇ ಜಾಗದಲ್ಲಿ ಸೀಗಡಿಗಳನ್ನು ಎಣಿಸಿ ಬರೆದಿಡಲಿ. ನಾಲ್ಕಾರು ವರ್ಷಗಳ ಆ ಎಣಿಕೆ ಊರಿನ ಸ್ವಂತ ದಾಖಲೆಯಾಗುತ್ತದೆ. ಅಡಿಕೆಯೂ ಉಳಿಯಲಿ, ಹಳ್ಳದ ನೀಲಿ ನೆತ್ತರಿನ ಜೀವವೂ ಉಳಿಯಲಿ.