ಕೊಲಂಬೊ ಸುತ್ತಿ ಬಂದ ಕರಿಮೆಣಸು

ಹೊಸ ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗಲೆಲ್ಲ ನಮ್ಮ ಮಲೆನಾಡು, ಕೊಡಗಿನ ಕಡೆ ಮಾತಿಗೊಂದು ‘ಅಂತೆ’ ಅಂಟಿಕೊಳ್ಳುತ್ತೆ. ರೈತರಿಗೆ ತೊಂದರೆ ಇಲ್ವಂತೆ. ಬೇರೆ ದೇಶದ ಮಾಲು ನುಸುಳೋಕೆ ಆಗಲ್ವಂತೆ. ಕೇಳಿದವರಿಗೆ ಇದು ಉಡಾಫೆ ಅನ್ನಿಸಬಹುದು. ಆದರೆ ಆ ‘ಅಂತೆ’ಗೆ ಕರಿಮೆಣಸಿನ ಘಾಟಿದೆ.

ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರಲ್ಲಿ, ಜಾರಿಯಾದದ್ದು 2000ದಲ್ಲಿ. ಹೊರಗಿನ ಮೆಣಸಿಗೆ ನಮ್ಮಲ್ಲಿ ಸಾಮಾನ್ಯವಾಗಿ ಶೇ 70 ಸುಂಕ. ಶ್ರೀಲಂಕಾದ ಮೆಣಸಿಗೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಅದಕ್ಕಿಂತ ಹೆಚ್ಚು ತಂದರೆ ದಕ್ಷಿಣ ಏಷ್ಯಾ ದೇಶಗಳ ನಡುವಿನ ಸಾಫ್ಟಾ ವ್ಯಾಪಾರ ಒಪ್ಪಂದದಲ್ಲಿ ಬರೀ ಶೇ 8. ಪಕ್ಕದ ಪುಟ್ಟ ದೇಶ, ಅವರು ಬೆಳೆಯೋದಾದರೂ ಎಷ್ಟು, ಬರಲಿ ಬಿಡಿ ಅನ್ನಬಹುದಿತ್ತು.

ಈಗ ವಿಯೆಟ್ನಾಂ ಕಡೆ ನೋಡಿ. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯೋ ದೇಶ ಅದು. ಅಲ್ಲಿನ ಮಾಲು ನೇರವಾಗಿ ಇಲ್ಲಿಗೆ ಬಂದರೆ, ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟದ ಜೊತೆಗಿನ ಒಪ್ಪಂದದ ರಿಯಾಯಿತಿ ಕಳೆದರೂ 2017ರಲ್ಲಿ ಶೇ 50ಕ್ಕೂ ಮೇಲೆ ಸುಂಕ. ಅದೇ ಮಾಲು ಕೊಲಂಬೊ ಸುತ್ತಿ, ಶ್ರೀಲಂಕಾದ್ದು ಅಂತ ಹೆಸರು ಬದಲಿಸಿಕೊಂಡು ಬಂದರೆ ಶೇ 8. ಈ ಲೆಕ್ಕ ಮಾಡೋಕೆ ವ್ಯಾಪಾರಿಗೆ ಕ್ಯಾಲ್ಕ್ಯುಲೇಟರ್ ಬೇಕಿಲ್ಲ.

ಹಾಗಾಗದ ಹಾಗೆ ಶ್ರೀಲಂಕಾ ಒಪ್ಪಂದದಲ್ಲೇ ಬೇಲಿ ಹಾಕಿದ್ದರು. ಮಾಲು ಶ್ರೀಲಂಕಾದಲ್ಲೇ ಬೆಳೆದಿರಬೇಕು, ಇಲ್ಲವೇ ಹೊರಗಿಂದ ತಂದದ್ದಕ್ಕೆ ಅಲ್ಲಿ ಕನಿಷ್ಠ ಶೇ 35ರಷ್ಟು ಮೌಲ್ಯ ಸೇರಿರಬೇಕು. ಇದಕ್ಕೆ ಸಾಕ್ಷಿ ಏನು? ಅಲ್ಲಿಂದಲೇ ಬರೆಸಿಕೊಂಡು ಬರೋ ಮೂಲ ಪ್ರಮಾಣಪತ್ರ. ಮೆಣಸಿನ ಕಾಳಿನ ಮೇಲೆ ಊರ ಹೆಸರು ಇರುತ್ತಾ? ಬಂದರಿನಲ್ಲಿ ಕೂತ ಅಧಿಕಾರಿಗೆ ಕಾಣೋದು ಕಾಗದ. ಬಳ್ಳಿ ಯಾವ ದೇಶದಲ್ಲಿ ಹಬ್ಬಿತ್ತು ಅನ್ನೋದಲ್ಲ.

ನಮ್ಮ ಕಡೆ ಕಾಫಿ ಕೈಕೊಟ್ಟ ವರ್ಷ ಎಷ್ಟೋ ಮನೆ ನಡೆಸಿದ್ದು ಮರಕ್ಕೆ ಹಬ್ಬಿದ ಈ ಮೆಣಸಿನ ಬಳ್ಳಿ. ಕಿಲೋಗೆ 600 ರೂಪಾಯಿಗೂ ಮೇಲೆ ಮಾರಿದ್ದವರು 2017ರ ಕೊನೆಗೆ 500ಕ್ಕೂ ಕೆಳಗಿನ ದರ ಕಂಡರು. ನಿಜ, ಬೆಲೆ ಬಿದ್ದದ್ದಕ್ಕೆ ಕೊಲಂಬೊದ ಕಳ್ಳದಾರಿಯೊಂದನ್ನೇ ದೂರೋದು ಸರಿಯಲ್ಲ; ವಿಯೆಟ್ನಾಂನಲ್ಲಿ ಫಸಲು ಉಕ್ಕಿ, ಜಗತ್ತಿನ ಮಾರುಕಟ್ಟೆಯಲ್ಲೇ ದರ ಇಳಿದಿತ್ತು. ಆದರೆ ಅಂಥ ಹೊತ್ತಿನಲ್ಲಿ ಕಾಯಲಿ ಅಂತಲೇ ತಾನೇ ಸುಂಕ ಇರೋದು?

ಬೆಳೆಗಾರರ ಕೂಗಿಗೆ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಆಮೇಲೆ ಬಂದ ದೂರು ಇನ್ನೂ ಸೊಗಸು: ಅಗ್ಗದ ಮಾಲಿಗೇ ಬಿಲ್ಲಿನಲ್ಲಿ 500 ಅಂತ ಬರೆಸಿ ತರಿಸ್ತಿದ್ದಾರೆ ಅಂತ. ಮತ್ತೆ ಅದೇ ಕಾಗದ.

ಹೀಗೆ ಸುಟ್ಟುಕೊಂಡವರು ‘ಅಂತೆ’ ಅಂದರೆ, ಅವರಿಗೆ ಅರ್ಥಶಾಸ್ತ್ರ ಗೊತ್ತಿಲ್ಲ ಅನ್ನೋದು ನನಗಂತೂ ಅಹಂಕಾರದ ಮಾತಾಗಿ ಕೇಳುತ್ತೆ. ಬರೀ ಪ್ರಮಾಣಪತ್ರ ತೋರಿಸಿದರೆ ಸಾಲದು, ಮಾಲಿನ ಮೂಲದ ಮಾಹಿತಿಯನ್ನು ಆಮದುದಾರನೇ ಇಟ್ಟುಕೊಂಡು ಕೇಳಿದಾಗ ಒದಗಿಸಬೇಕು ಅನ್ನೋ ಕಸ್ಟಮ್ಸ್ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2020ರ ಸೆಪ್ಟೆಂಬರ್ 21ರಂದು. ಶ್ರೀಲಂಕಾ ಒಪ್ಪಂದ ಜಾರಿಯಾಗಿ ಆಗಲೇ 20 ವರ್ಷ ಕಳೆದಿತ್ತು.